ಬಾವಿಯ ಬಳಿ ನೀರು ಕೇಳಿದವನು

(ಚಿತ್ರದುರ್ಗದಲ್ಲಿ ಸುತ್ತಲಿನ ಹಳ್ಳಿಗಳ ಕ್ರೈಸ್ತ ಸಭೆಗಳ ಹಿರಿಯರು ಮತ್ತು ಸ್ತ್ರೀಯರ ಸಂಘದವರು ಕೂಡಿದ್ದಾಗ ಮಾಡಿದ ಉಪನ್ಯಾಸದ ಬರಹ ರೂಪ.)

ಬೆಳಿಗ್ಗೆ ಚಹಾ ಕುಡಿಯುವಾಗ ಒಂದೇ ಪ್ರಶ್ನೆ ನನ್ನ ಕಿವಿಗೆ ಹತ್ತಾರು ಸಲ ಬಿತ್ತು. ‘ನಿಮ್ಮ ಸಭೆಯಲ್ಲಿ ಎಷ್ಟು ಕುಟುಂಬ?’ ಹಿರಿಯೂರಿನವರು ಚಳ್ಳಕೆರೆಯವರನ್ನು ಕೇಳಿದರು, ಹೊಳಲ್ಕೆರೆಯವರು ಹೊಸದುರ್ಗದವರನ್ನು ಕೇಳಿದರು. ನಲವತ್ತು ಎಂದವರು ಗಟ್ಟಿಯಾಗಿ ಹೇಳಿದರು. ಆರು ಎಂದವರು ಲೋಟದೊಳಗೆ ನೋಡುತ್ತಾ ಹೇಳಿದರು. ನನ್ನನ್ನೂ ಕೇಳಿದರು. ನಮ್ಮದು ಏಳು. ನನ್ನ ದನಿಯೂ ತಗ್ಗಿತು. ಆ ತಗ್ಗಿದ ದನಿಯ ಬಗ್ಗೆಯೇ ಮಾತನಾಡಬೇಕು ಅನ್ನಿಸಿ, ಬರೆದುಕೊಂಡು ಬಂದಿದ್ದ ಪೀಠಿಕೆಯನ್ನು ಬಿಟ್ಟಿದ್ದೇನೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ಅದರಲ್ಲಿಯೂ ದೊಡ್ಡ ಪಾಲು ಬೆಂಗಳೂರು ಮತ್ತು ಕರಾವಳಿಯದು. ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಬಂದರೆ ಬೆರಳೆಣಿಕೆಯ ಮನೆಗಳು. ಓದಿದ ಮಕ್ಕಳು ಬೆಂಗಳೂರಿಗೆ ಹೋದರು, ಓದದವರು ಗಾರ್ಮೆಂಟ್ಸ್ ಕೆಲಸಕ್ಕೆ ಅಲ್ಲಿಗೇ ಹೋದರು. ಸಭಾಪಾಲಕರಿಗೆ ಐದಾರು ಊರುಗಳ ಜವಾಬ್ದಾರಿ. ಅವರು ತಿಂಗಳಿಗೊಮ್ಮೆ ಬಂದು ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಸಂಸ್ಕಾರ ನಡೆಸಿ, ಊಟ ಮಾಡಿ ಮುಂದಿನ ಊರಿಗೆ ಹೊರಡುತ್ತಾರೆ. ಉಳಿದ ಭಾನುವಾರಗಳಲ್ಲಿ ನಮ್ಮಂಥ ನಿವೃತ್ತರು ವಾಕ್ಯ ಓದುತ್ತೇವೆ. ಮುಂದಿನ ಬೆಂಚುಗಳಲ್ಲಿ ನಾಲ್ಕು ಜನ ಅಜ್ಜಿಯರು, ಹಿಂದೆ ಖಾಲಿ. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ, ನೀವೂ ಅದೇ ಬೆಂಚುಗಳಿಂದ ಎದ್ದು ಬಂದವರು.

ಸಭೆ ಬಡವಾದಾಗ ನಮಗೆ ತಕ್ಷಣ ನೆನಪಾಗುವುದು ಉಜ್ಜೀವನ ಕೂಟ. ಪೆಂಡಾಲು, ಮೈಕು, ಹೊರಗಿನಿಂದ ಬಂದ ಪ್ರಸಂಗಿಗಳು, ಮೂರು ರಾತ್ರಿ. ಅಂಥ ಕೂಟಗಳಿಗಾಗಿ ನಾನೇ ರಸೀದಿ ಪುಸ್ತಕ ಹಿಡಿದು ತಿರುಗಿದ್ದೇನೆ. ಅಲ್ಲಿ ಜನ ಅತ್ತದ್ದು ನಿಜ, ಕುಡಿತ ಬಿಟ್ಟವರೂ ಇದ್ದಾರೆ. ಅದರ ಬಗ್ಗೆ ನಾನು ಹಗುರವಾಗಿ ಮಾತನಾಡುವುದಿಲ್ಲ. ಆದರೆ ನಾಲ್ಕನೆಯ ದಿನ ಪೆಂಡಾಲಿನ ಗಳ ಕಿತ್ತ ಮೇಲೆ ಏನಾಗುತ್ತದೆ ಎನ್ನುವುದು ನಮಗೆ ಗೊತ್ತು. ನಮ್ಮ ಕಡೆಯ ಮಳೆಯನ್ನು ನೋಡಿದ್ದೀರಿ. ಅರ್ಧ ಗಂಟೆ ಬಡಿದು ಸುರಿಯುತ್ತದೆ, ಬದು ಇಲ್ಲದ ಹೊಲದ ಮೇಲಿನ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಮರುದಿನ ಹೊಲದಲ್ಲಿ ಕಾಲಿಟ್ಟರೆ ಒಂದು ಗೇಣು ಕೆಳಗೆ ಒಣ ನೆಲ.

ಹಾಗಾದರೆ ಬದು ಯಾವುದು? ಅದಕ್ಕೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯಕ್ಕೆ ಹೋಗೋಣ. ನೂರು ಸಲ ಕೇಳಿದ ಭಾಗ, ಆದರೂ ಇವತ್ತು ಬಯಲುಸೀಮೆಯವರಾಗಿ ಕೇಳಿ. ನಡು ಮಧ್ಯಾಹ್ನ. ನಡೆದು ದಣಿದ ಯೇಸು ಸುಖರೆಂಬ ಊರಿನ ಹೊರಗೆ, ಯಾಕೋಬನ ಬಾವಿಯ ಕಟ್ಟೆಯ ಹತ್ತಿರ ಕುಳಿತಿದ್ದಾನೆ. ಶಿಷ್ಯರು ಊಟಕ್ಕೆ ಬೇಕಾದದ್ದನ್ನು ಕೊಂಡು ತರಲು ಹೋಗಿದ್ದಾರೆ. ಸಮಾರ್ಯದ ಹೆಂಗಸೊಬ್ಬಳು ನೀರು ಸೇದಲು ಬರುತ್ತಾಳೆ. ಯೇಸು ಆಡಿದ ಮೊದಲ ಮಾತು ಉಪದೇಶವಲ್ಲ. ಕುಡಿಯಲು ನೀರು ಕೊಡು ಎಂದ. ಅವನ ಬಳಿ ಹಗ್ಗವಿಲ್ಲ, ಕೊಡವಿಲ್ಲ. ಸೇದುವುದಕ್ಕೆ ನಿನ್ನಲ್ಲಿ ಏನೂ ಇಲ್ಲವಲ್ಲ, ಬಾವಿಯೂ ಆಳ ಎಂದು ಅವಳೇ ಎತ್ತಿ ಹೇಳುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆ ಇರಲಿಲ್ಲ ಎಂದು ಯೋಹಾನನೇ ಬರೆಯುತ್ತಾನೆ. ಯಾರ ಕೊಡ ಯಾರು ಮುಟ್ಟಬಹುದು, ಯಾರ ಕೈಯ ನೀರು ಯಾರು ಕುಡಿಯಬಹುದು ಎಂಬ ಲೆಕ್ಕ ನಮ್ಮ ಊರುಗಳಿಗೆ ಹೊಸದೇನಲ್ಲ. ಅವನು ಅವಳ ಕೊಡದ ನೀರನ್ನು ಕೇಳಿದ. ಕೊಡುವ ಜಾಗದಲ್ಲಿ ಅವಳನ್ನು ನಿಲ್ಲಿಸಿದ, ಬೇಡುವ ಜಾಗದಲ್ಲಿ ತಾನು ಕುಳಿತ.

ಇದೇ ಅಧ್ಯಾಯದಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಒಂದು ಸಾಲಿದೆ. ಆ ಊರಿನವರು ಕೇಳಿಕೊಂಡ ಮೇಲೆ ಯೇಸು ಅಲ್ಲಿ ಎರಡು ದಿನ ಉಳಿದ. ಎರಡು ದಿನ ಎಂದರೆ ಯಾರದೋ ಮನೆಯ ಚಾಪೆ, ಯಾರದೋ ಒಲೆಯ ರೊಟ್ಟಿ. ದೇವರ ಮಗ ಸಮಾರ್ಯದ ನೆಂಟನಾದ.

ನಾವು ಮಾತ್ರ ಕೊಡುವವರಾಗಿಯೇ ಊರೊಳಗೆ ಹೋಗಲು ಬಯಸುತ್ತೇವೆ. ಬಟ್ಟೆ ಕೊಡೋಣ, ಔಷಧಿ ಕೊಡೋಣ, ಪುಸ್ತಕ ಕೊಡೋಣ, ವಾಕ್ಯ ಕೊಡೋಣ. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ. ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿದೆ. ಮತಾಂತರದ ಮಾತು ವಿಧಾನಸಭೆಯಿಂದ ಊರಿನ ಅರಳಿಕಟ್ಟೆಯವರೆಗೆ ಬಂದಿದೆ, 2022ರಲ್ಲಿ ಅದಕ್ಕೊಂದು ಕಾನೂನೂ ಬಂತು. ಈಗ ನಾವು ಏನು ಕೊಟ್ಟರೂ ಗಾಳದ ಹುಳುವಿನಂತೆ ಕಾಣುತ್ತದೆ. ಇದರಿಂದ ನೋವಾಗುತ್ತದೆ ಎಂದು ನೀವು ಹೇಳುತ್ತೀರಿ, ನನಗೂ ಆಗಿದೆ. ಆದರೆ ನಮ್ಮ ಕೈಯಲ್ಲಿ ಕೆಲವೊಮ್ಮೆ ಗಾಳ ಇದ್ದದ್ದೂ ಸುಳ್ಳಲ್ಲ.

ನಮ್ಮ ಸಭೆಯದೇ ತಪ್ಪು ಹೇಳುತ್ತೇನೆ. ನಾನು ನಿವೃತ್ತನಾದ ವರ್ಷ ದೇವಾಲಯದ ಪಡಸಾಲೆಯಲ್ಲಿ ಸಂಜೆ ಪಾಠ ಶುರು ಮಾಡಿದೆವು. ಗಣಿತ, ಇಂಗ್ಲಿಷ್, ಹಣವಿಲ್ಲ. ಊರಿನ ಇಪ್ಪತ್ತೆರಡು ಮಕ್ಕಳು ಬಂದರು. ಎರಡನೆಯ ವಾರದಿಂದ ಪಾಠಕ್ಕೆ ಮೊದಲು ಒಂದು ಹಾಡು, ಕೊನೆಗೆ ಒಂದು ಪ್ರಾರ್ಥನೆ ಸೇರಿಸಿದೆವು. ತಂದೆತಾಯಿಗಳನ್ನು ಒಂದು ಮಾತು ಕೇಳಲಿಲ್ಲ. ಇದರಲ್ಲಿ ಏನಿದೆ, ಒಳ್ಳೆಯ ಮಾತುಗಳೇ ಅಲ್ಲವೇ ಎಂದುಕೊಂಡೆವು. ಆರನೆಯ ವಾರಕ್ಕೆ ನಮ್ಮ ಮನೆಗಳ ಮೂರು ಮಕ್ಕಳು ಮಾತ್ರ ಉಳಿದರು. ಯಾರೂ ಜಗಳಕ್ಕೆ ಬರಲಿಲ್ಲ, ಸುಮ್ಮನೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಆಗ ನಾನು ಊರಿನವರನ್ನು ದೂರಿದೆ. ಈಗ ಹಾಗೆ ದೂರಲಾರೆ. ಅವರ ಮಕ್ಕಳನ್ನು ಅವರಿಗೆ ಹೇಳದೆ ಬಳಸಿಕೊಂಡಿದ್ದೆವು.

ಇನ್ನು ಮುಖ್ಯವಾದ ಸಂಗತಿಗೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂದು ಬರಗಾಲದ ವರ್ಷ, ಏಪ್ರಿಲ್ ತಿಂಗಳು. ನಮ್ಮ ಸಭೆಯ ಎಲ್ಲರಿಗಿಂತ ಹಿರಿಯ ಅಜ್ಜಿ ರಾತ್ರಿ ತೀರಿಕೊಂಡರು. ಮಗ ಬೆಂಗಳೂರಿನಿಂದ ಸಂಜೆಯ ಹೊತ್ತಿಗೆ ಬರಬೇಕು. ಊರಿನ ಕೊನೆಗೆ, ಹಳ್ಳದ ದಂಡೆಯ ಮೇಲೆ ನಮ್ಮದೊಂದು ತುಂಡು ಸಮಾಧಿ ಭೂಮಿ ಇದೆ. ಗುಂಡಿ ತೋಡಲು ನಮ್ಮಲ್ಲಿ ಇದ್ದ ಗಂಡಸರು ನಾಲ್ಕು ಜನ, ಮೂವರು ಅರವತ್ತು ದಾಟಿದವರು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಒಂದು ಮೊಳ ಸಲೀಸಾಗಿ ಹೋಯಿತು. ಆಮೇಲೆ ಗರಸು ಸಿಕ್ಕಿತು. ಹಾರೆ ಹಾಕಿದರೆ ಠಣ್ಣೆಂದು ಪುಟಿದು ಅಂಗೈಗೆ ಬಡಿಯುತ್ತಿತ್ತು. ಒಂದು ಬುಟ್ಟಿ ಮಣ್ಣು ಮೇಲೆ ಬರಲು ಹತ್ತು ನಿಮಿಷ. ಹನ್ನೊಂದು ಗಂಟೆಗೆ ಗುಂಡಿ ಮೊಣಕಾಲಿನ ಆಳಕ್ಕೂ ಇರಲಿಲ್ಲ. ನನ್ನ ಅಂಗೈಯ ಬೊಬ್ಬೆ ಒಡೆದಿತ್ತು. ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟೆ. ಸತ್ತವರನ್ನು ಹೂಳುವ ಶಕ್ತಿಯೂ ಇಲ್ಲದ ಸಭೆ ನಮ್ಮದು ಎಂದು ಅಳು ಬಂತು.

ಆಗ ಹಳ್ಳದ ಆಚೆಯಿಂದ ಐದಾರು ಹುಡುಗರು ಬಂದರು, ಜೊತೆಗೊಬ್ಬ ಮುದುಕ. ನಾವು ಯಾರನ್ನೂ ಕರೆದಿರಲಿಲ್ಲ. ಕರೆಯಬಹುದು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಒಬ್ಬ ಹುಡುಗ ‘ಮೇಷ್ಟ್ರೇ, ನೀವು ಮೇಲೆ ಬನ್ನಿ’ ಎಂದು ನನ್ನ ಕೈಯಿಂದ ಹಾರೆ ತೆಗೆದುಕೊಂಡ. ಇಬ್ಬರು ಅಗೆದರು, ಇಬ್ಬರು ಸನಿಕೆಯಿಂದ ಎತ್ತಿ ಹಾಕಿದರು, ದಣಿದಾಗ ಬದಲಾದರು. ಎರಡು ಗಂಟೆಗೆ ಗುಂಡಿ ಎದೆಮಟ್ಟ ಬಂತು. ಮುದುಕ ಜಾಲಿ ಕೋಲಿನಿಂದ ಉದ್ದ ಅಗಲ ಅಳೆದು ನೋಡಿ, ನನ್ನ ಕಡೆ ತಿರುಗಿ ಕೇಳಿದ: ‘ನಿಮ್ಮಲ್ಲಿ ತಲೆ ಯಾವ ದಿಕ್ಕಿಗೆ?’

ಒಂದೇ ಊರಿನಲ್ಲಿ ಅರವತ್ತು ವರ್ಷ ಅಕ್ಕಪಕ್ಕ ಬದುಕಿದವನು ಕೇಳಿದ ಪ್ರಶ್ನೆ ಅದು. ನಾವು ಹೇಗೆ ಹೂಳುತ್ತೇವೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನು ಕೇಳದೆ ಇದ್ದುದರಿಂದಲ್ಲ, ನಾವು ಅವನನ್ನು ಅಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳದೆ ಇದ್ದುದರಿಂದ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ; ಎದ್ದು ಕೂರುವ ದಿನ ಮುಖ ಪೂರ್ವಕ್ಕಿರಬೇಕು ಎಂದೆ. ಅವನು ತಲೆದೂಗಿ ಪಶ್ಚಿಮದ ಬದಿಯನ್ನು ಇನ್ನೊಂದು ಗೇಣು ಅಗಲ ಮಾಡಿಸಿದ.

ಅವರು ಏಕೆ ಬಂದರು? ಹಾರೆ ತೆಗೆದುಕೊಂಡ ಹುಡುಗನೇ ಹೇಳಿದ. ಅವನನ್ನೂ ಅವನ ಅಕ್ಕನನ್ನೂ ಹೆರಿಗೆ ಮಾಡಿಸಿದ್ದು ಈ ಅಜ್ಜಿಯಂತೆ. ಆಸ್ಪತ್ರೆಗೆ ಹೋಗುವ ರೂಢಿ ಬರುವ ಮೊದಲು ನಮ್ಮ ಊರಿನ ಅರ್ಧ ಮಕ್ಕಳು ಆ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ಇದು ನನಗೂ ಗೊತ್ತಿತ್ತು, ಆದರೆ ಸಭೆಯ ಲೆಕ್ಕದಲ್ಲಿ ನಾನು ಅದನ್ನು ಎಂದೂ ಸೇರಿಸಿರಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ‘ವಿಧವೆ, ಕಾಣಿಕೆ ವಿನಾಯಿತಿ’. ಸಭೆಯ ಕೂಟಗಳಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಆದರೆ ಎಲ್ಲ ಕೇರಿಯ ಅಡಿಗೆ ಮನೆಯೂ ಅವರಿಗೆ ಗೊತ್ತು. ಬಿಸಿಲಲ್ಲಿ ಹೋಗುವಾಗ ಯಾವ ಬಾಗಿಲಲ್ಲಾದರೂ ನಿಂತು ‘ಮಜ್ಜಿಗೆ ಇದ್ದರೆ ಒಂದು ಲೋಟ ಕೊಡಮ್ಮ’ ಎಂದು ಕೇಳುತ್ತಿದ್ದರು. ಆ ಹುಡುಗನ ತಾಯಿ ಅದನ್ನು ಆಮೇಲೆ ನನಗೆ ಹೇಳಿದಳು, ಹೇಳುತ್ತಾ ಕಣ್ಣು ಒರೆಸಿಕೊಂಡಳು. ಅವಳಿಗೆ ನೆನಪಿದ್ದದ್ದು ಅಜ್ಜಿ ಮಾಡಿದ ಉಪಕಾರಕ್ಕಿಂತ ಹೆಚ್ಚಾಗಿ, ತನ್ನ ಮನೆಯ ಮಜ್ಜಿಗೆಯನ್ನು ಕೇಳಿ ಕುಡಿದದ್ದು. ಸಿಖರಿನ ಬಾವಿಯೋ ಸುಖರಿನ ಬಾವಿಯೋ ಎಂದು ಊರಿನ ಹೆಸರೂ ಸರಿಯಾಗಿ ಹೇಳಲು ಬಾರದ ಆ ಅಜ್ಜಿ, ನಾನು ಪೀಠದಿಂದ ಓದುತ್ತಿದ್ದ ಅಧ್ಯಾಯವನ್ನು ಕೇರಿಯಿಂದ ಕೇರಿಗೆ ನಡೆದಿದ್ದರು.

ಆದ್ದರಿಂದ ನಿಮ್ಮ ಸಭೆಯಲ್ಲಿ ಹೊಸದಾಗಿ ಏನು ಶುರು ಮಾಡಬೇಕು ಎಂದು ಕೇಳುವ ಮೊದಲು, ಈಗಾಗಲೇ ಊರೊಳಗೆ ಹೊಕ್ಕು ಬಳಕೆ ಇರುವವರು ಯಾರು ಎಂದು ನೋಡಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು, ಶೇಂಗಾ ಬಿಡಿಸಲು ಕೂಲಿಗೆ ಹೋಗುವವಳು, ಅಂಗನವಾಡಿಯ ಸಹಾಯಕಿ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಸೊಸೆ. ಸಭೆಯ ಹಿರಿಯರ ಪಟ್ಟಿಯಲ್ಲಿ ಇವರ ಹೆಸರಿರುವುದಿಲ್ಲ. ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತಿದೆ, ಮುಂದಿನ ಸಾಲಿನ ಗಂಡಸರು ದಯವಿಟ್ಟು ಕೇಳಿಸಿಕೊಳ್ಳಿ.

ಒಂದು ಪಕ್ಕದ ಮಾತು. ಬಳ್ಳಾರಿ ನಮಗೆ ದೂರವಲ್ಲ. ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನ ಪಾದ್ರಿ 1810ರಲ್ಲಿ ಅಲ್ಲಿಗೆ ಬಂದರು. ಕನ್ನಡದಲ್ಲಿ ಇಡೀ ಬೈಬಲ್ಲು ಸಿದ್ಧವಾಗುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಅವರ ಜೊತೆಯ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ತಂದರು. ಕಲಿಸಲು ಬಂದವರು ಅಷ್ಟು ವರ್ಷ ಕಲಿಯಬೇಕಾಯಿತು. ಈ ಮಾತಿಗೆ ಏನನ್ನುತ್ತೀರಿ, ಆ ಗಿಡಕ್ಕೆ ಏನು ಹೆಸರು ಎಂದು ಇಲ್ಲಿನವರನ್ನು ಕೇಳದೆ ನಿಘಂಟು ಆಗುವುದಿಲ್ಲ. ನಾವು ಭಾನುವಾರ ಓದುವ ವಾಕ್ಯದ ಒಂದೊಂದು ಪದವೂ ನಮ್ಮ ನೆರೆಯವರಿಂದ ಕೇಳಿ ಪಡೆದದ್ದು.

ಇನ್ನೊಂದು ಕಠಿಣವಾದ ಮಾತನ್ನು ಹೇಳಲೇಬೇಕು. ಊರನ್ನು ಕೇಳುವ ಮೊದಲು ನಮ್ಮ ನಮ್ಮಲ್ಲಿ ಕೇಳಿ ಪಡೆಯುವ ಸಂಬಂಧ ಇದೆಯೇ? 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಗಡಗಳು ಸೇರಿ ದಕ್ಷಿಣ ಇಂಡಿಯಾ ಸಭೆಯಾಯಿತು. ಆ ಹೊಸ ಸಭೆ ರೂಪಿಸಿಕೊಂಡ ಸಂಸ್ಕಾರದ ಕ್ರಮದಲ್ಲಿ ಸಮಾಧಾನವನ್ನು, ಎಂದರೆ ಶಾಂತಿಯ ಹಾರೈಕೆಯನ್ನು, ಕೈಯಿಂದ ಕೈಗೆ ಕೊಡುವ ಪದ್ಧತಿ ಸೇರಿತು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಮೊದಲಿನಿಂದ ಇದ್ದ ಪದ್ಧತಿ ಅದು. ಪೀಠದ ಬಳಿಯಿಂದ ಹೊರಟ ಸಮಾಧಾನ, ಜೋಡಿಸಿದ ಅಂಗೈಗಳ ನಡುವೆ ಅಂಗೈ ಇಟ್ಟು, ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಯ ಬೆಂಚಿನವರೆಗೆ ಹೋಗಬೇಕು. ಮುಟ್ಟುವುದರ ಮೇಲೆ ಇಷ್ಟು ಲೆಕ್ಕಾಚಾರ ಇರುವ ನಾಡಿನಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ ಬೇಕಿಲ್ಲ. ಆದರೆ ಕೆಲವು ಕಡೆ ಆ ಸಮಾಧಾನ ಬರಿಯ ನಮಸ್ಕಾರವಾಗಿ ಗಾಳಿಯಲ್ಲಿಯೇ ನಿಲ್ಲುವುದನ್ನು ನಾನು ನೋಡಿದ್ದೇನೆ. ಯಾರು ಯಾವ ಕೇರಿಯಿಂದ ಕ್ರೈಸ್ತರಾದವರು ಎಂಬುದನ್ನು ಮದುವೆಯ ಮಾತಿನಲ್ಲಿ ಇನ್ನೂ ಕೇಳುತ್ತೇವೆ. 1950ರ ರಾಷ್ಟ್ರಪತಿಗಳ ಆದೇಶದಿಂದ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ ಎಂದು ನಾವು ಸರ್ಕಾರಕ್ಕೆ ಮನವಿ ಕೊಡುತ್ತೇವೆ, ಕೊಡಲೇಬೇಕು. ಅದೇ ಉಸಿರಿನಲ್ಲಿ ನಮ್ಮ ಬೆಂಚುಗಳನ್ನೂ ನೋಡಿಕೊಳ್ಳಬೇಕು.

ಮತ್ತೆ ನಮ್ಮ ಊರಿಗೆ. ಅಜ್ಜಿಯ ಮಣ್ಣಾದ ಮೇಲೆ ಮೇ ತಿಂಗಳಲ್ಲಿ ಕೆರೆಯ ಹೂಳೆತ್ತುವ ಕೆಲಸ ಬಂತು. ನಮ್ಮದು ನಾಯಕನಹಟ್ಟಿ ಕಡೆಯ ಊರು. ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ನೆನಪು ಅಲ್ಲಿ ಮನೆಮನೆಯಲ್ಲಿದೆ. ಈ ಸಲ ಏಳು ಮನೆಗಳಿಂದಲೂ ಒಬ್ಬೊಬ್ಬರು ಹೋದೆವು. ಬುಟ್ಟಿ ಹಂಚುತ್ತಿದ್ದವನು ಅದೇ ಮುದುಕ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ಸ್ವಾಮಿಗಳ ಮಾತು ಹೇಳುತ್ತಾ ನನಗೂ ಒಂದು ಬುಟ್ಟಿ ಕೊಟ್ಟ. ಕೆಲಸಕ್ಕೆ ಮೊದಲು ಕೆರೆಗೆ ಪೂಜೆ. ನಾನು ಕೈಮುಗಿದು ಪಕ್ಕದಲ್ಲಿ ನಿಂತೆ, ಆರತಿ ಎತ್ತಲಿಲ್ಲ, ಏಕೆ ಎತ್ತುವುದಿಲ್ಲ ಎಂದು ಮೊದಲೇ ಅವನಿಗೆ ಹೇಳಿದ್ದೆ. ಯಾರೂ ಮುಖ ಸಿಂಡರಿಸಲಿಲ್ಲ. ನಮ್ಮಲ್ಲಿ ಕೆಲವರಿಗೆ ಅಷ್ಟು ನಿಂತದ್ದೂ ಸರಿ ಕಾಣಲಿಲ್ಲ, ಇವತ್ತಿಗೂ ಆ ಚರ್ಚೆ ಮುಗಿದಿಲ್ಲ. ನನ್ನ ನಿಲುವು ಸ್ಪಷ್ಟ. ಆ ಕೆರೆಯ ಅಂತರ್ಜಲದಿಂದ ನಮ್ಮ ಬೋರು ಬದುಕಿದೆ, ಅದರ ಹೂಳು ನಮ್ಮ ಹೊಲಕ್ಕೂ ಬಿದ್ದಿದೆ. ಕರ್ತನಿಗೆ ನಿಷ್ಠೆಯಿಂದ ಇರುವುದಕ್ಕೂ ದಂಡೆಯಿಂದ ದೂರ ನಿಲ್ಲುವುದಕ್ಕೂ ಸಂಬಂಧವಿಲ್ಲ. ಸೆರೆಯಾಗಿ ಬಾಬೆಲಿಗೆ ಹೋದ ಜನರಿಗೆ ಯೆರೆಮೀಯನು ಬರೆದ ಪತ್ರವನ್ನು ಓದಿ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಅಲ್ಲಿದೆ. ಅದು ಪರದೇಶದಲ್ಲಿದ್ದವರಿಗೆ ಹೇಳಿದ ಮಾತು. ನಾವು ಹುಟ್ಟಿದ ಊರಿನಲ್ಲಿಯೇ ಇದ್ದೇವೆ.

ಹರಿಹರದ ಆರೋಗ್ಯಮಾತೆಯ, ಎಂದರೆ ಕಥೋಲಿಕರ ಮರಿಯಮ್ಮನ, ದೇವಾಲಯವನ್ನು ನೀವು ಬಲ್ಲಿರಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಹರಕೆಯ ವಿಷಯದಲ್ಲಿ ನಮ್ಮ ಪ್ರೊಟೆಸ್ಟೆಂಟ್ ಬೋಧನೆ ಬೇರೆ. ಆದರೂ ಆ ಬಾಗಿಲಲ್ಲಿ ಯಾರೂ ನೀನು ಯಾರು ಎಂದು ಕೇಳದಿರುವುದನ್ನು ನೋಡಿ ನಾನು ಬಹಳ ಹೊತ್ತು ನಿಂತಿದ್ದೇನೆ.

ನಮ್ಮಲ್ಲಿ ಆಮೇಲೆ ಏನೇನಾಯಿತು ಎಂದು ನೀವು ಕೇಳಬಹುದು. ದೊಡ್ಡದೇನೂ ಇಲ್ಲ. ಸುಗ್ಗಿ ಹಬ್ಬದ ಹರಾಜನ್ನು ದೇವಾಲಯದ ಒಳಗಿನಿಂದ ಹೊರಗಿನ ಬೇವಿನ ಮರದ ಕೆಳಗೆ ತಂದೆವು. ಮೊದಲೆಲ್ಲ ನಮ್ಮ ಕುಂಬಳಕಾಯಿಯನ್ನು ನಾವೇ ಏರಿಸಿ ಕೂಗಿ ನಾವೇ ಕೊಳ್ಳುತ್ತಿದ್ದೆವು. ಈಗ ಊರಿನವರೂ ಕೂಗುತ್ತಾರೆ. ಎರಡನೆಯ ವರ್ಷ ಮಳೆ ಬಂದು ಯಾರೂ ಬರಲಿಲ್ಲ. ನಮ್ಮ ಜಮಖಾನೆ, ಹಂಡೆ, ಬೆಂಚುಗಳು ಊರಿನ ಮದುವೆಗಳಿಗೆ ಹೋಗಿ ಬರುತ್ತವೆ. ಕ್ರಿಸ್ಮಸ್ ಹಾಡುಗಳಿಗೆ ಹಾರ್ಮೋನಿಯಂ ಇರಲಿಲ್ಲ, ಭಜನಾ ಮಂಡಳಿಯವರನ್ನು ಕೇಳಿದೆವು. ಪೆಟ್ಟಿಗೆಯ ಜೊತೆಗೆ ನುಡಿಸುವವನೂ ಬಂದ. ಸಂಜೆ ಪಾಠವನ್ನು ಮತ್ತೆ ಶುರು ಮಾಡಿದ್ದೇವೆ, ಈ ಸಲ ಪಂಚಾಯಿತಿಯ ಕಟ್ಟಡದಲ್ಲಿ, ಹಾಡು ಪ್ರಾರ್ಥನೆ ಇಲ್ಲದೆ, ತಾಯಂದಿರ ಒಪ್ಪಿಗೆ ಪಡೆದು.

ಕೋಟೆಯ ಹೊಂಡಗಳನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಾರರು. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ, ಹಾಗೆಯೇ ಇಳಿಯುತ್ತಾ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಹರಿಯುವಂತೆ ಕಟ್ಟಿದ್ದಾರೆ. ನಡುವಿನ ಹೊಂಡ ಚಿಕ್ಕದು ಎಂದು ಯಾರೂ ಅದನ್ನು ಮುಚ್ಚಲಿಲ್ಲ. ಮೇಲಿನದನ್ನು ಪಡೆಯುವ ತೂಬು, ಕೆಳಗಿನದಕ್ಕೆ ಬಿಡುವ ಕೋಡಿ, ಎರಡೂ ತೆರೆದಿದ್ದರೆ ಸಾಕಿತ್ತು. ನಾವು ಕೋಡಿಯ ಬಗ್ಗೆ ಬಹಳ ಮಾತನಾಡಿದ್ದೇವೆ, ತೂಬನ್ನು ಮರೆತಿದ್ದೇವೆ.

ಹೋದ ಪುನರುತ್ಥಾನದ ಭಾನುವಾರ ನಸುಕಿನಲ್ಲಿ ಪ್ರತಿ ವರ್ಷದಂತೆ ಸಮಾಧಿ ಭೂಮಿಯಲ್ಲಿ ಆರಾಧನೆ ಇಟ್ಟುಕೊಂಡಿದ್ದೆವು. ಏಳು ಮನೆಯವರು, ರಜೆಗೆ ಬಂದ ಕೆಲವು ಮಕ್ಕಳು. ಹಾರೆ ಹಿಡಿದಿದ್ದ ಆ ಹುಡುಗ ಹೊಲಕ್ಕೆ ನೀರು ಕಟ್ಟಿ ಬರುತ್ತಿದ್ದವನು ಟಾರ್ಚ್ ಆರಿಸಿ ಬೇಲಿಯ ಬಳಿ ನಿಂತ. ಹಾಡು ಮುಗಿಯುವ ಹೊತ್ತಿಗೆ ಬೆಳಕಾಯಿತು. ಅವನು ಒಳಗೆ ಬಂದು ಅಜ್ಜಿಯ ಸಮಾಧಿಯ ತಲೆಯ ಕಡೆ ನಿಂತು, ಎದುರಿಗೆ ಗುಡ್ಡದ ಸಂದಿನಲ್ಲಿ ಏಳುತ್ತಿದ್ದ ಸೂರ್ಯನನ್ನು ನೋಡಿದ. ‘ಅಜ್ಜಿಗೆ ಇಲ್ಲಿಂದ ನೇರ ಕಾಣುತ್ತದೆ, ಅಲ್ಲವೇ ಮೇಷ್ಟ್ರೇ’ ಎಂದ.